ಕಾಜಾ-ಬಟನ್ ಅಷ್ಟೇ ಬಾಕಿ

ಸೇತುವೆಯ ಏರು ಶುರುವಾಗುವಲ್ಲೇ ಮ್ಯಾರಥಾನ್ ಓಡುತ್ತಿದ್ದ ಟೈಲರನ ಮೀನಖಂಡ ಕಲ್ಲಿನಂತೆ ಗಟ್ಟಿಯಾಯಿತು. ಇನ್ನೊಂದು ಹೆಜ್ಜೆ ಇಟ್ಟು ನೋಡಿದ, ಆಗಲಿಲ್ಲ. ಪಕ್ಕದ ಮೋಟುಗೋಡೆಯ ಮೇಲೆ ಕುಸಿದು ಕೂತ. ಕೂತ ಮೇಲೆ ಗೊತ್ತಾಯಿತು, ಹೋದ ವರ್ಷದ ಮ್ಯಾರಥಾನಿನಲ್ಲಿ ಕೂತಿದ್ದೂ ಇದೇ ಗೋಡೆಯ ಮೇಲೆ. ಊರೆಲ್ಲ ಸುತ್ತಿ ಬಂದರೂ ಹಳೇ ಗಂಡನ ಪಾದವೇ ಗತಿ! ಆವತ್ತು ಓಡಲಾರದವರನ್ನು ತುಂಬಿಕೊಂಡು ಹೋಗುವ ವ್ಯಾನು ಅವನನ್ನು ಇಲ್ಲಿಂದಲೇ ಎತ್ತಿಕೊಂಡು ಹೋಗಿತ್ತು. ಆಮೇಲೆ ತಿಂಗಳುಗಟ್ಟಲೆ ಅಂಗಡಿಗೆ ಬಂದವರೆಲ್ಲ ಅಳತೆ ಕೊಡುವ ಮೊದಲು ಕೇಳುತ್ತಿದ್ದುದು ಒಂದೇ: "ವ್ಯಾನಿನ ಸೀಟು ಮೆತ್ತಗಿತ್ತಾ?"

ಹೆಂಡತಿ ನೀರಿನ ಬಾಟಲಿ ಹಿಡಿದು ಬೇಕೆಂದೇ ಇಲ್ಲಿ ಬಂದು ನಿಂತಿದ್ದಳು. ಗಂಡ ಯಾವ ಹೊಲಿಗೆಯಲ್ಲಿ ಬಿಚ್ಚಿಕೊಳ್ಳುತ್ತಾನೆ ಎಂಬುದು ಅವಳಿಗೆ ಗೊತ್ತಿಲ್ಲವೇ? ಕೆಳಗೆ ಕೂತು, ಸೂಜಿ ಒತ್ತಿ ಒತ್ತಿ ಗಟ್ಟಿಯಾದ ಹೆಬ್ಬೆರಳಿನಿಂದ ಅವನ ಮೀನಖಂಡ ತಿಕ್ಕತೊಡಗಿದಳು.

"ಅಮ್ಮಾ! ನಿಧಾನ ಕಣೇ."

"ಕಾಲು ಚಾಚಿ. ನೀರು ಕುಡೀರಿ. ಬಾಯಿ ಆಮೇಲೆ ಮಾಡಿ."

ನಿಜ ಹೇಳಬೇಕೆಂದರೆ ವರ್ಷವಿಡೀ ಅವನನ್ನು ಓಡಿಸಿದ್ದು ಅವನ ಕಾಲಲ್ಲ, ಅವಳ ಬಾಯಿ. ಚಳಿಯ ಬೆಳಿಗ್ಗೆ ಅವನು ಹೊದಿಕೆ ಎಳೆದುಕೊಂಡು "ನಾಳೆ ಓಡ್ತೀನಿ" ಎಂದರೆ ಸಾಕು, "ಈ ನಾಳೆನೆಲ್ಲ ಗಿರಾಕಿಗಳಿಗೆ ಇಟ್ಕೊಳ್ಳಿ, ನನ್ನ ಹತ್ರ ನಡೆಯಲ್ಲ" ಎಂದು ಹೊದಿಕೆ ಕಿತ್ತುಕೊಳ್ಳುತ್ತಿದ್ದಳು. ಒಂದು ದಿನ ನಿದ್ದೆಗಣ್ಣಿನಲ್ಲಿ ಅಳತೆ ಟೇಪನ್ನು ಕೊರಳಲ್ಲೇ ಬಿಟ್ಟುಕೊಂಡು ಓಡಿ, ಬೀದಿಯ ನಾಯಿಗಳನ್ನೆಲ್ಲ ಬೆನ್ನಿಗೆ ಹಾಕಿಕೊಂಡು ಬಂದಿದ್ದ. ಅಂದು ಮಾತ್ರ ಅವನು ಯಾರಿಂದಲೂ ಹೇಳಿಸಿಕೊಳ್ಳದೆ ಓಡಿದ್ದು.

ಅಷ್ಟರಲ್ಲಿ ವ್ಯಾನು ಬಂದು ಪಕ್ಕದಲ್ಲೇ ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಲ್ಲು ಬಿಟ್ಟ.

"ಬನ್ನಿ ಟೈಲರಣ್ಣ, ಹತ್ತಿ. ನಿಮ್ಮ ಸೀಟು ಹಾಗೇ ಇಟ್ಟಿದ್ದೀನಿ. ಅದಿರ್ಲಿ, ನನ್ನ ಕೋಟು ಏನಾಯ್ತು?"

ಮೇಲುಸಿರು ಬಿಡುತ್ತಿದ್ದರೂ ಟೈಲರನ ಬಾಯಿಂದ ಮಾತು ತಾನಾಗಿ ಉದುರಿತು: "ಎಲ್ಲಾ ಆಗಿದೆ ತಮ್ಮಾ. ಕಾಜಾ-ಬಟನ್ ಅಷ್ಟೇ ಬಾಕಿ."

ಈ ಮಾತು ಕೇಳದ ಗಿರಾಕಿ ಆ ಊರಲ್ಲಿರಲಿಲ್ಲ. ಬಟ್ಟೆ ಇನ್ನೂ ಚೀಲದಿಂದ ಹೊರಗೆ ಬಂದಿರದಿದ್ದರೂ ಉತ್ತರ ಇದೇ. ಬಟನ್ ತೂರುವ ಕಾಜಾ ಹಾಕಿ ಬಟನ್ ಹೊಲಿಯುವ ಕೊನೆಯ ಕೆಲಸ ಹೆಂಡತಿಯದಾದ್ದರಿಂದ ಗಿರಾಕಿಗಳ ಕಣ್ಣೆಲ್ಲ ಅಂಗಡಿಯ ಒಳಮೂಲೆಯಲ್ಲಿ ಕೂತ ಅವಳ ಕಡೆಗೇ ತಿರುಗುತ್ತಿತ್ತು, ತಡವೆಲ್ಲ ಅವಳದೇ ಎಂಬಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಈಗಲೂ ಡ್ರೈವರ್ ಅವಳನ್ನೇ ನೋಡಿದ. ಅವಳು ಕಾಲು ತಿಕ್ಕುತ್ತಲೇ ಇದ್ದಳು.

ಟೈಲರ್ ವ್ಯಾನಿನ ಬಾಗಿಲನ್ನು ನೋಡಿದ. ಜನ ನಗುತ್ತಾರೆಂಬ ಭಯ ಅವನಿಗಿರಲಿಲ್ಲ, ನಗೆಗೀಡಾಗಿ ರೂಢಿಯಾಗಿತ್ತು. ಜೀವಮಾನದಲ್ಲಿ ಒಮ್ಮೆಯಾದರೂ ಹೇಳಿದ ಕೆಲಸವನ್ನು ಹೇಳಿದ ದಿನ ಮುಗಿಸಬೇಕು, ಅಷ್ಟೇ ಅವನ ಆಸೆ. ಅದೂ ಈಗ ಕೈ ಜಾರುತ್ತಿತ್ತು.

"ಇನ್ನೆಷ್ಟು ದೂರ ಇದೆಯೇ?" ಎಂದು ಹೆಂಡತಿಯನ್ನು ಕೇಳಿದ.

ಸೇತುವೆ ದಾಟಬೇಕು, ಮಾರುಕಟ್ಟೆ ಬಳಸಬೇಕು, ಆಮೇಲೆ ಶಾಲೆಯ ಮೈದಾನದವರೆಗೂ ಆ ಉದ್ದದ ರಸ್ತೆ. ಅದೆಲ್ಲ ಅವಳಿಗೆ ಗೊತ್ತಿತ್ತು. ಅವಳು ಅವನ ಕಾಲು ಕೆಳಗಿಟ್ಟು ಕೈ ಒರೆಸಿಕೊಂಡಳು. ಗಿರಾಕಿಗಳ ಮುಂದೆ ಅವನು ಮಾಡುವ ಸಾಧು ಮುಖವನ್ನೇ ತಾನೂ ಮಾಡಿದಳು.

"ಎಲ್ಲಾ ಆಗಿದೆ ರೀ. ಕಾಜಾ-ಬಟನ್ ಅಷ್ಟೇ ಬಾಕಿ."

ಟೈಲರ್ ಒಂದು ಗಳಿಗೆ ಪಿಳಿಪಿಳಿ ನೋಡಿದ. ಆ ಮಾತಿನ ಅರ್ಥ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. ನಕ್ಕ ರಭಸಕ್ಕೆ ಪಕ್ಕೆಲುಬೇ ನೋಯಿತು.

"ಇಷ್ಟು ದೊಡ್ಡ ಸುಳ್ಳೇನೇ!"

"ನೀವು ಹೇಳಿದ್ರೆ ಸುಳ್ಳು. ಕಾಜಾ ಹಾಕೋಳು ನಾನು, ನಾನು ಹೇಳಿದ್ರೆ ನಿಜ." ಅವಳು ನಗಲಿಲ್ಲ. "ನನ್ನ ಕೈಗೆ ಬಂದಿದ್ದು ಯಾವತ್ತಾದ್ರೂ ಅರ್ಧಕ್ಕೆ ನಿಂತಿದೆಯಾ? ಏಳಿ."

ಅವನು ಎದ್ದ. ಮೊದಲು ಕುಂಟಿದ, ಆಮೇಲೆ ನಡೆದ. ನಡೆಯುತ್ತ ನಡೆಯುತ್ತ ಹೊಲಿಗೆ ಯಂತ್ರದ ಪೆಡಲ್ ತುಳಿದ ಲಯ ಕಾಲಿಗೆ ಮರಳಿತು. ಏರಿನ ಅರ್ಧದಲ್ಲಿ ಅದು ಓಟವೇ ಆಗಿತ್ತು. ಕೆಳಗೆ ನಿಂತ ಹೆಂಡತಿಯ ಕಣ್ಣು ತುಂಬಿ ಬಂತು.

ಡ್ರೈವರ್ ಬಿಡಬೇಕಲ್ಲ, ಕೂಗಿದ: "ಟೈಲರಣ್ಣಾ! ಕೋಟು ತಗೊಳ್ಳಕ್ಕೆ ಯಾವತ್ತು ಬರ್ಲಿ?"

ಟೈಲರ್ ತಿರುಗಿ ನೋಡಲಿಲ್ಲ. ಮೇಲಿನಿಂದ ದನಿ ಮಾತ್ರ ಬಂತು: "ಇನ್ನೂ ಕತ್ತರಿನೇ ಹಾಕಿಲ್ಲ ತಮ್ಮಾ!"

ಡ್ರೈವರ್ ಅವಳ ಕಡೆ ತಿರುಗಿದ. "ಏನಕ್ಕಾ ಇದು, ಹೀಗಂದ್ಬಿಟ್ರು?"

"ಅಂಗಡಿ ಇಟ್ಟಾಗಿನಿಂದ ಮೊದಲನೇ ಸಲ ನಿಜ ಹೇಳಿದ್ದಾರೆ," ಎಂದಳು ಅವಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಅಂದ್ಮೇಲೆ ಇವತ್ತು ಮುಗಿಸೇ ಮುಗಿಸ್ತಾರೆ."

"ಕೋಟಾ?" ಡ್ರೈವರ್ ಆಸೆಯಿಂದ ಕೇಳಿದ.

"ಅಲ್ಲ ಕಣಪ್ಪಾ, ಓಟ."