ಅಕ್ಕ ಕಲಿತ ಮಾತು

ಅಪ್ಪನ ಹೊಲದಲ್ಲಿ ಅಕ್ಕನಿಗಿದ್ದ ಪಾಲನ್ನು ತಮ್ಮನಿಗೆ ಬಿಟ್ಟುಕೊಡುವ ಪತ್ರ ತಯಾರಾಗಿತ್ತು. ಅಕ್ಕ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

"ಹೆಬ್ಬೆಟ್ಟು ಒತ್ತಾಂಗಿಲ್ಲ. ಬರಿಯಾಕ ಕಲೀತೀನಿ," ಎಂದಳು.

ತಮ್ಮ ನಕ್ಕ. ಅವನಿಗೂ ಅಕ್ಷರ ಬಾರದು. "ಆತು ತಗೋ ಅಕ್ಕಾ, ಕಲಿ. ನಿನ್ನ ಹೆಸರೊಂದು ಬಂದ್ರ ಸಾಕು."

ಹೆಂಗಸರ ಅಕ್ಷರ ಶಾಲೆಯಲ್ಲಿ ಟೀಚರ್ ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹಲಗೆಯ ಮೇಲೆ ಬರೆಯುತ್ತಿದ್ದರು. ಬಾ, ಬಂದೆ, ಬರುತ್ತೇನೆ, ಬರುವುದಿಲ್ಲ.

ಅಕ್ಕ ಹಿಂದಿನಿಂದ ಕೇಳಿದಳು. "ಕೊಡು ಅನ್ನೋದನ್ನೂ ಹಿಂಗ ತಿರುಗಸಾಕ ಬರತೈತೇನ್ರಿ?"

"ಯಾಕ ಬರಾಂಗಿಲ್ಲ? ಮೊದಲು ಹೆಸರು ಕಲೀರಿ."

"ಹೆಸರು ಆಮ್ಯಾಲ ಕಲೀತೀನ್ರಿ."

ಮೂರು ತಿಂಗಳಾದ ಮೇಲೆ ತಮ್ಮ ಅವಳನ್ನು ಕಚೇರಿಗೆ ಕರೆದುಕೊಂಡು ಹೋದ. ಪತ್ರದ ಕೆಳಗೆ ಸಾಹೇಬರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಅಕ್ಕ ಒಂದೊಂದೇ ಅಕ್ಷರ ಕೂಡಿಸಿ ಬರೆದಳು.

ತಮ್ಮ ಹಿಗ್ಗಿದ. "ಎಷ್ಟ ದುಂಡಗ ಬರದಾಳ ನೋಡ್ರಿ ನಮ್ಮಕ್ಕ! ಎಲ್ಲಾರಿಗೂ ಕೇಳೂ ಹಂಗ ಓದ್ರಿ, ಸಾಹೇಬ್ರ."

ಸಾಹೇಬರು ಕನ್ನಡಕ ಏರಿಸಿಕೊಂಡು ಓದಿದರು.

"ಕೊಡುವುದಿಲ್ಲ."