ಮಾರ್ಚಿಗೆ ಎಷ್ಟು ಮಳೆ

“ಗ್ರಾಫೇ ತಪ್ಪು ಮೇಡಂ. ಅದನ್ನ ಬರ್ದೋಳು ಸುಮಯ್ಯ” ಎಂದುಬಿಟ್ಟಳು ಸುಧಾಮಣಿ.

ಗುಂಡ್ಲುಪೇಟೆಯ ವಿಜ್ಞಾನ ಮೇಳಕ್ಕೆ ತೀರ್ಪುಗಾರರಾಗಿ ಬಂದಿದ್ದ ಮೇಡಂ ಗೆಳತಿಯರಿಬ್ಬರನ್ನೂ ಕೇಳಿದ್ದು ಇಷ್ಟೇ: “ಜನವರಿಯಿಂದ ಮಾರ್ಚ್‌ವರೆಗೆ ಮಳೆನೇ ಇಲ್ಲ ಅಂತದೆ ಗ್ರಾಫು. ಅಂಥ ಕಡೆ ಎಲೆ ಉದುರೋ ಕಾಡಿರ್ಬೇಕು. ನಿಮ್ಮ ಮಾಡೆಲ್ಲಿನ ಬಂಡೀಪುರ ನೋಡುದ್ರೆ ನಿತ್ಯಹರಿದ್ವರ್ಣ! ಯಾವ್ದು ತಪ್ಪು, ಗ್ರಾಫೋ, ಕಾಡೋ?” ಬೇಸಗೆ ಬಂತೆಂದರೆ ಬೋಳಾಗುವ ಆ ಕಾಡನ್ನು ಸುಧಾಮಣಿ ಹುಟ್ಟಿದಾಗಿನಿಂದ ಕಂಡವಳೇ. ಆದರೆ ಥರ್ಮಕೋಲಿನ ಮೇಲೆ ಅವಳು ನೆಟ್ಟದ್ದು ಅಜ್ಜಿಯ ಕಥೆಯ ಕಾಡನ್ನು. ಅಲ್ಲಿ ಒಂದೆಲೆಯೂ ಬಾಡುವುದಿಲ್ಲ. ತಪ್ಪು ತನ್ನದೆಂದರೆ ಇಷ್ಟು ಜನರೆದುರು ನಗೆಪಾಟಲು.

ಮೇಡಂ ಪಕ್ಕದ ಮೇಜಿಗೆ ಸರಿದರು. ಸುಮಯ್ಯ ಜಗಳಕ್ಕೆ ಬರುತ್ತಾಳೆಂದು ಸುಧಾಮಣಿ ಹಲ್ಲುಕಚ್ಚಿ ನಿಂತಳು.

“ಸಾರಿ ಕಣೆ, ಸರಿಯಾಗೇ ಬರ್ದಿದೀನಿ ಅನ್ಕೊಂಡಿದ್ದೆ” ಎಂದಳು ಸುಮಯ್ಯ, ತಾನೇ ತಪ್ಪು ಮಾಡಿದವಳ ಹಾಗೆ. “ನಾನು ಪೇಟೆಯೋಳು, ನಂಗೇನು ಗೊತ್ತು? ಕಾಡಂಚಿನೋಳು ನೀನು. ಅವ್ರು ತಿರ್ಗಿ ಬರೋದ್ರೊಳಗೆ ತಿದ್ಬುಡನ.” ನೀಲಿ ಸ್ಕೆಚ್ ಪೆನ್ನಿನ ಮುಚ್ಚಳ ತೆಗೆದು ಗ್ರಾಫಿನ ಖಾಲಿ ಜಾಗದ ಮೇಲೆ ಹಿಡಿದಳು. “ನೀನೇ ಹೇಳು, ಮಾರ್ಚಿಗೆ ಎಷ್ಟು ಮಳೆ ಹಾಕ್ಲಿ?”