ಹಿಂದಿನ ಕೋಣೆಯಲ್ಲಿ ಮೇವಿಸ್

"ನನ್ನ ಹೆಂಡ್ತಿ ಮೇವಿಸ್ ಒಳಗಿದ್ದಾಳೆ! ಹಿಂದಿನ ಕೋಣೇಲಿ ಮಲಗಿದ್ಲು!"

ಹಾರ್ಲನ್ ಕೂಗುತ್ತ ಬರಿಗೈಯಲ್ಲಿ ಹಿಮ ಬಗೆಯುತ್ತಿದ್ದ. ಎಡಭುಜ ಕಳಚಿ ಜೋತುಬಿದ್ದಿತ್ತು, ಅದರ ಪರಿವೆಯೇ ಅವನಿಗಿರಲಿಲ್ಲ. ಸೇತುವೆಯ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆಯ ಪದರ. ಬ್ರೇಕು ಒತ್ತಿದ್ದೇ ತಪ್ಪಾಗಿತ್ತು. ಈಗ ಅವನ ಮೋಟರ್‌ಹೋಮ್, ಅಡುಗೆಮನೆ ಮಲಗುವ ಕೋಣೆಗಳೆಲ್ಲ ಇದ್ದ ದೊಡ್ಡ ಗಾಡಿ, ಹೆದ್ದಾರಿಯ ಪಕ್ಕದ ಹಳ್ಳದಲ್ಲಿ ಮಗುಚಿ ಬಿದ್ದಿತ್ತು. ಮುಂಭಾಗಕ್ಕೆ ಅಂಥ ಪೆಟ್ಟೇನೂ ಇಲ್ಲ. ಹಿಂದಿನ ಮಲಗುವ ಕೋಣೆ ಮಾತ್ರ ಅಪ್ಪಚ್ಚಿಯಾಗಿ, ಗೋಡೆ ಕಿತ್ತುಹೋಗಿ, ಹಾಸಿಗೆ ದಿಂಬುಗಳೆಲ್ಲ ಹೊಲದುದ್ದಕ್ಕೂ ಚೆಲ್ಲಾಡಿದ್ದವು. ಜನವರಿಯ ಹಿಮದಲ್ಲಿ ಬಿದ್ದವರು ಎಷ್ಟು ಹೊತ್ತು ಬದುಕುತ್ತಾರೆಂದು ಸಸ್ಕ್ಯಾಚೆವಾನ್‌ನಂಥ ಚಳಿಸೀಮೆಯಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಗ್ನಿಶಾಮಕ ದಳದ ಸ್ವಯಂಸೇವಕ ಕರ್ಟಿಸ್ ಉದ್ದನೆಯ ಕೋಲಿನಿಂದ ಹಿಮವನ್ನು ಚುಚ್ಚಿ ಚುಚ್ಚಿ ನೋಡುತ್ತಿದ್ದ. ಕೋಲು ಯಾವುದಕ್ಕಾದರೂ ತಗುಲಿದಾಗಲೆಲ್ಲ ಹಾರ್ಲನ್‌ಗೆ ಜೀವ ಬಾಯಿಗೆ ಬರುತ್ತಿತ್ತು. ಒಮ್ಮೆ ಬಾಣಲೆ ಸಿಕ್ಕಿತು. ಇನ್ನೊಮ್ಮೆ ಮಡಿಸುವ ಕುರ್ಚಿ.

"ಆಂಬ್ಯುಲೆನ್ಸ್ ಹತ್ತಿ ಸಾರ್, ನಾವು ಹುಡುಕ್ತೀವಿ," ಎಂದಳು ಕಾನ್‌ಸ್ಟೇಬಲ್ ಬೆಲ್‌ಗಾರ್ಡ್, ಅವನಿಗೆ ಕಂಬಳಿ ಹೊದಿಸುತ್ತ.

"ಅವಳು ಸಿಗೋವರ್ಗೂ ನಾನು ಇಲ್ಲಿಂದ ಕದಲಲ್ಲಮ್ಮ."

ಚಳಿಗಾಲ ಬಂತೆಂದರೆ ಈ ಸೀಮೆಯ ನಿವೃತ್ತರೆಲ್ಲ ಗಡಿಯಾಚೆಯ ಅರಿಜೋನಾದ ಬಿಸಿಲಿಗೆ ಗುಳೆ ಹೊರಡುತ್ತಾರೆ. ಹಾರ್ಲನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮನೆಯನ್ನೇ ಮಾರಿದ್ದ. ಇನ್ನು ಸಾಯುವತನಕ ಗಾಡಿಯೇ ಮನೆ ಎಂದು ಊರಿಗೆಲ್ಲ ಸಾರಿಕೊಂಡು ಬಂದಿದ್ದ.

"ಮನೆ ಮಾರಿದ್ದು ಮೇವಿಸ್ ಅವರಿಗೆ ಒಪ್ಪಿಗೆ ಇತ್ತಾ?" ಅವನಿಂದ ಅದನ್ನೆಲ್ಲ ತಿಳಿದ ಬೆಲ್‌ಗಾರ್ಡ್ ಕೇಳಿದಳು.

"ಮುನಿಸ್ಕೊಂಡಿದ್ಲು. ಯಾವ ಸಂಸಾರದಲ್ಲಿ ಇರಲ್ಲ ಹೇಳು? ಆದ್ರೆ ಬೆಳಿಗ್ಗೆ ಎಲ್ಲಾ ಸರಿಹೋಗಿತ್ತು. ನನ್ನ ಮಾತ್ರೆಗಳನ್ನ ತಿಂಗಳಿಗಾಗೋಷ್ಟು ವಿಂಗಡಿಸಿ ಡಬ್ಬಿಗೆ ತುಂಬಿಟ್ಳು. ಒಲೆ ಹಚ್ಚೋದು ಹೆಂಗೆ ಅಂತ ತೋರಿಸ್ಕೊಟ್ಳು. ಆಮೇಲೆ ತಲೆನೋವು, ಗಡಿ ಬರೋವರ್ಗೂ ಎಬ್ಬಿಸ್ಬೇಡ ಅಂದು ಬಾಗಿಲು ಹಾಕ್ಕೊಂಡ್ಳು."

"ಆಮೇಲೆ ನೀವು ಅವರನ್ನ ನೋಡ್ಲೇ ಇಲ್ವಾ?"

"ಇಲ್ಲ. ರೇಡಿಯೋ ಮಾತ್ರ ಜೋರಾಗಿ ಕೇಳ್ತಿತ್ತು. ಕರ್ಲಿಂಗ್ ಪಂದ್ಯ! ಮಂಜಿನ ಮೇಲೆ ಕಲ್ಲು ತಳ್ಳೋದನ್ನ ನೋಡೋ ಬದ್ಲು ಪಾತ್ರೆ ತಿಕ್ಕೋದು ವಾಸಿ ಅಂತಿದ್ದೋಳು. ಸರಿ, ಕೋಪ ಇಳೀತು, ನನಗೋಸ್ಕರ ಹಾಕಿದ್ದಾಳೆ ಅಂದ್ಕೊಂಡೆ."

ಬೆಲ್‌ಗಾರ್ಡ್ ಗಾಡಿಯೊಳಗೆ ತೆವಳಿಹೋಗಿ ಬಂದಳು. ಬಾಗಿಲ ಬಳಿ ಗಂಡಸಿನ ಬೂಟುಗಳಷ್ಟೇ ಇದ್ದವು. ಹೆಂಗಸಿನ ಕೋಟು ಎಲ್ಲೂ ಇಲ್ಲ. ರಕ್ತದ ಗುರುತೂ ಇಲ್ಲ. ತಲೆನೋವೆಂದು ಮಲಗಿದವಳು ಬೂಟು ಕೋಟು ಹಾಕಿಕೊಂಡು ಮಲಗುತ್ತಾಳೆಯೇ? ಮನೆ ಮಾರಾಟ, ಗಂಡ ಹೆಂಡಿರ ಮುನಿಸು, ಹೆಂಡತಿ ನಾಪತ್ತೆ. ಮುದುಕನನ್ನು ನೋಡುವ ಅವಳ ಕಣ್ಣೇ ಬದಲಾಯಿತು.

"ನಿಜ ಹೇಳಿ ಸಾರ್. ಗಾಡಿ ಪಲ್ಟಿಯಾದಾಗ ಮೇವಿಸ್ ಇದರಲ್ಲಿ ಇದ್ರಾ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಹಿಮದಲ್ಲಿ ಕುಸಿದು ಕೂತ.

"ಅವಳಿಗೆ ನಾನು ಏನಾದ್ರೂ ಮಾಡ್ತೀನಾ ತಾಯಿ? ಅವಳಿಲ್ದಿದ್ರೆ ನನಗೆ ಕಾಫಿ ಕಾಯಿಸ್ಕೊಳ್ಳೋಕೂ ಬರಲ್ಲ!"

ಕರ್ಟಿಸ್ ಕೋಲು ಊರಿ ನಿಂತ. "ದಾರೀಲಿ ಎಲ್ಲಾದ್ರೂ ನಿಲ್ಸಿದ್ರಾ ತಾತ?"

"ಮೂಸ್ ಜಾ ಊರು ದಾಟಿದ ಮೇಲೆ ಡೀಸೆಲ್ ಹಾಕಿಸ್ದೆ."

"ಹೊರಡೋ ಮುಂಚೆ ಹಿಂದೆ ಹೋಗಿ ನೋಡಿದ್ರಾ?"

"ಎಬ್ಬಿಸ್ಬೇಡ ಅಂದಿದ್ಲಲ್ಲಪ್ಪ. ರೇಡಿಯೋನೂ ಕೇಳ್ತಾನೇ ಇತ್ತು..."

ಕರ್ಟಿಸ್ ಹಣೆ ಚಚ್ಚಿಕೊಂಡ. "ಅಯ್ಯೋ ತಾತ! ನಮ್ಮಪ್ಪನೂ ನಮ್ಮಮ್ಮನ್ನ ಹಿಂಗೇ ಡೀಸೆಲ್ ಬಂಕ್‌ನಲ್ಲಿ ಬಿಟ್ಟು ಬಂದಿದ್ದ. ಹಿಂದೆ ಮಲಗಿದ್ದಾಳೆ ಅಂತ ಅರ್ಧ ಪ್ರಾಂತ್ಯ ದಾಟಿದ್ದ. ಅಮ್ಮ ನೋಡಿದ್ರೆ ಕಾಫಿ ತರೋಕೆ ಇಳಿದಿದ್ಲು! ಇವತ್ತಿಗೂ ಬೈಸ್ಕೋತಾನೆ."

ಇದು ಮೋಟರ್‌ಹೋಮ್ ಜನರಿಗಷ್ಟೇ ಮೀಸಲಾದ ತಪ್ಪು. ಕಾರಾದರೆ ಪಕ್ಕದ ಸೀಟು ಖಾಲಿಯಿರುವುದು ಕಣ್ಣಿಗೆ ಬೀಳುತ್ತದೆ. ಮನೆಯನ್ನೇ ಓಡಿಸಿಕೊಂಡು ಹೋಗುವವನಿಗೆ ಹೆಂಡತಿ ಕೋಣೆಯಲ್ಲಿದ್ದಾಳೋ ಇಲ್ಲವೋ ಹೇಗೆ ತಿಳಿಯಬೇಕು?

ಬೆಲ್‌ಗಾರ್ಡ್ ಮೇವಿಸಳಿಗೆ ಫೋನ್ ಹಾಕಿದಳು. ಸ್ವಿಚ್ ಆಫ್. ಆ ಬಂಕಿನ ಪಕ್ಕದ ಹೋಟೆಲಿಗೆ ಹಾಕಿ, ವಯಸ್ಸು, ಕೂದಲು, ಕೋಟಿನ ಬಣ್ಣ ಎಲ್ಲ ಹೇಳಿದಳು. ಆ ಕಡೆಯವರ ಮಾತು ಕೇಳುತ್ತ ಕೇಳುತ್ತ ಕಣ್ಣು ಮುಚ್ಚಿ ಉಸಿರುಬಿಟ್ಟಳು.

"ಇದ್ದಾರೆ. ಕಿಟಕಿ ಪಕ್ಕ ಕೂತು ಸೂಪ್ ಕುಡೀತಿದ್ದಾರಂತೆ."

ಕರ್ಟಿಸ್ ಕೋಲನ್ನು ಎಸೆದು ಮುದುಕನನ್ನು ತಬ್ಬಿಕೊಂಡ. ಹಾರ್ಲನ್ ಅಳುತ್ತಿದ್ದನೋ ನಗುತ್ತಿದ್ದನೋ ಹೇಳುವುದು ಕಷ್ಟ. ಅಪ್ಪಚ್ಚಿಯಾದ ಕೋಣೆಯತ್ತ ಒಮ್ಮೆ ನೋಡಿದ. ಅಲ್ಲಿ ಮಲಗಿದ್ದರೆ ಅವಳು ಬದುಕುತ್ತಲೇ ಇರಲಿಲ್ಲ. ತನ್ನ ಮರೆವಿಗೆ ತಾನೇ ಕೈಮುಗಿಯಬೇಕು ಅನ್ನಿಸಿತು ಅವನಿಗೆ. ಹೋಟೆಲಿನವರು ಮೇವಿಸಳನ್ನು ಫೋನಿಗೆ ಕರೆದಿದ್ದೇ ತಡ, ಬೆಲ್‌ಗಾರ್ಡಳ ಕೈಯಿಂದ ಫೋನು ಇಸಿದುಕೊಂಡ.

"ಮೇವಿಸ್! ನಾನೊಬ್ಬ ದಡ್ಡ ಕಣೇ! ನಿನ್ನ ಬಂಕ್‌ನಲ್ಲೇ ಮರೆತು ಬಂದ್ಬಿಟ್ಟೆ. ಗಾಡಿ ಪಲ್ಟಿ ಹೊಡೀತು. ನೀನು ಮಲ್ಗೋ ಕೋಣೆ ಪುಡಿಪುಡಿ."

"ನಿನಗೇನೂ ಆಗಿಲ್ಲ ತಾನೆ?"

"ಭುಜಕ್ಕೆ ಪೆಟ್ಟು, ಅಷ್ಟೇ."

"ಸದ್ಯ. ದೇವರು ದೊಡ್ಡವನು." ಅವಳ ದನಿಯೂ ಒಡೆದಿತ್ತು.

"ಅಲ್ಲೇ ಇರು, ಪೊಲೀಸ್ ಕಾರಲ್ಲೇ ಬರ್ತೀನಿ. ಇನ್ನು ಜನ್ಮದಲ್ಲಿ ನಿನ್ನ ಮರೆತು ಹೋಗಲ್ಲ, ನಿನ್ನಾಣೆ!"

ಆ ಕಡೆ, ಹೋಟೆಲಿನ ಹೊರಗೆ, ಒಂದು ಕಾರು ಹಾರ್ನ್ ಮಾಡಿತು.

"ನೀನು ಮರೆತು ಹೋಗಲಿಲ್ಲ, ಹಾರ್ಲನ್," ಎಂದಳು ಮೇವಿಸ್. "ನಿನ್ನ ಗಾಡಿ ಹೆದ್ದಾರಿ ಸೇರೋವರ್ಗೂ ಹೋಟೆಲಿನ ಬಾಗಿಲ ಹಿಂದೆ ಅಡಗಿ ನಿಂತಿದ್ದೆ, ಆಮೇಲೇ ತಂಗೀಗೆ ಫೋನ್ ಮಾಡಿ ಕರ್ಕೊಂಡು ಹೋಗು ಬಾ ಅಂದೆ."